ಸೈನಿಕರಿಗೆ ಕಾರ್ಡು, ನನಗೆ ಲಿಫ್ಟು

ಸೆಪ್ಟೆಂಬರ್ 8, ಸೋಮವಾರ

ಈ ಡೈರಿ ಬ್ಯಾಂಕಿನವರು ನನ್ನ ಮಗ ಮನೋಜನಿಗೆ ಕೊಟ್ಟಿದ್ದು. ಅವನು ಬರೆಯಲ್ಲ. ಸೊಸೆ ಚೈತ್ರ ತಂದು ನನ್ನ ಮಂಚದ ಮೇಲೆ ಹಾಕಿ, "ಅತ್ತೆ, ಬೈಯೋದೆಲ್ಲ ಇದರಲ್ಲಿ ಬೈಕೊಳ್ಳಿ, ನನ್ನ ಕಿವಿಗೆ ಸ್ವಲ್ಪ ರಜೆ ಕೊಡಿ" ಅಂದಳು. ನಗ್ತಾ ಅಂದಳು, ಆದರೂ ಅಂದಳು. ನಾನು ಓದಿದ್ದು ನಾಲ್ಕನೇ ಕ್ಲಾಸು. ತಪ್ಪಿದ್ದರೆ ಯಾರೂ ಓದೋದು ಬೇಡ, ಅಷ್ಟೆ.

ಜೂನ್ ತಿಂಗಳಲ್ಲಿ ಬಚ್ಚಲಲ್ಲಿ ಜಾರಿ ಸೊಂಟ ಮುರ್ಕೊಂಡೆ. ರಾಡು ಹಾಕಿದರು. ಆಸ್ಪತ್ರೆಯಿಂದ ತಂದು ಕುರ್ಚಿಯಲ್ಲಿ ಕೂರಿಸಿ, ನಾಲ್ಕು ಜನ ಹೊತ್ತು ಈ ಮೂರನೇ ಮಹಡಿಗೆ ಏರಿಸಿದರು. ಬೀದಿಯ ಜನ ನಿಂತು ನೋಡಿದರು. ಇನ್ನೊಂದು ಸಲ ಹಾಗೆ ಹೊರಿಸ್ಕೊಳ್ಳೋದು ಹೆಣವಾದ ಮೇಲೇನೆ ಅಂತ ಅಲ್ಲೇ ಹೇಳಿದೆ. ಅವತ್ತಿಂದ ಕೆಳಗೆ ಇಳಿದಿಲ್ಲ. ಮಂಚ, ವಾಕರು, ಕಿಟಕಿ. ಕಿಟಕಿಯಿಂದ ಕಾಣೋದು ಪಕ್ಕದವರ ನೀರಿನ ಟ್ಯಾಂಕು.

ಸ್ವಂತ ಬಿಲ್ಡಿಂಗು ಇದು. ಜರಗನಹಳ್ಳಿಯಲ್ಲಿ ನಮ್ಮ ರಾಗಿ ಹೊಲ ಇದ್ದ ಕಡೆಯೇ ಕಟ್ಟಿಸಿದ್ದು. ಇಂಜಿನಿಯರು ಲಿಫ್ಟಿಗೂ ಅದರ ಮುಂದೆ ಓಡಾಡೋಕೂ ಅಂತ ಮೂಲೆಯಲ್ಲಿ ಜಾಗ ಬಿಟ್ಟಿದ್ದ. ನಾನು ಅದಕ್ಕೆ ಗೋಡೆ ಹಾಕಿಸಿ ಮಹಡಿಗೊಂದು ಸಿಂಗಲ್ ರೂಮ್ ಮಾಡಿಸಿದೆ. ಮೇಲಿನದು ನನಗೆ, ಉಳಿದದ್ದು ಬಾಡಿಗೆಗೆ. ಆವಾಗ ನನ್ನ ಕಾಲು ಗಟ್ಟಿಯಿತ್ತು. ಅಕ್ಕಿ ಮೂಟೆ ಸೊಂಟಕ್ಕಿಟ್ಕೊಂಡು ಹತ್ತುತ್ತಿದ್ದೆ.

ಇವತ್ತು ಮನೋಜ ಹೇಳಿದ: "ಅವ್ವ, ಲಿಫ್ಟ್ ಬೇಕು ಬೇಕು ಅಂತೀಯ. ಹಾಕಿಸಬೇಕಂದ್ರೆ ಆ ರೂಮುಗಳನ್ನ ಒಡೀಬೇಕು. ಕೆಳಗೆಲ್ಲ ಅಂಗಡಿ, ಅವರು ಒಪ್ಪಿದಾರೆ. ಫಸ್ಟ್ ಫ್ಲೋರ್ ಖಾಲಿ. ಸೆಕೆಂಡ್ ಫ್ಲೋರ್‌ನಲ್ಲಿ ಮಾತ್ರ ಆ ಮಿಲಿಟರಿಯವನ ಹೆಂಡ್ತಿ ಇದಾಳೆ."

"ಬಿಡಿಸು."

"ಅವನು ಬಾರ್ಡರಲ್ಲಿದಾನೆ ಕಣವ್ವ."

"ನಾನು ಮೂರನೇ ಮಹಡೀಲಿದೀನಿ. ನನ್ನ ರೂಮೂ ಒಡೀರಿ, ಹಾಲಲ್ಲಿ ಮಲಗ್ತೀನಿ."

ದೀಪಾವಳಿ ಕಳೀಲಿ, ಆಮೇಲೆ ಹೇಳೋಣ ಅಂದ. ಹಬ್ಬದ ಮುಂಚೆ ಖಾಲಿ ಮಾಡು ಅಂದರೆ ಚೆನ್ನಾಗಿರಲ್ಲವಂತೆ. ಆಯ್ತು ಅಂದೆ.

ಸೆಪ್ಟೆಂಬರ್ 11, ಗುರುವಾರ

ಮಧ್ಯಾಹ್ನ ಕಣ್ಣು ಹತ್ತಿತ್ತು. ಕೆಳಗಿನ ರೂಮಿಂದ ಟಪ್ ಟಪ್ ಟಪ್. ನಿಲ್ಲಿಸೋದೇ ಇಲ್ಲ. ಕೋಲು ತಗೊಂಡು ನೆಲಕ್ಕೆ ಮೂರು ಸಲ ಕುಟ್ಟಿದೆ. ಸದ್ದು ನಿಂತಿತು. ಒಂದು ಗಳಿಗೆಯಲ್ಲಿ ಆ ಹುಡುಗಿ ಏದುಸಿರು ಬಿಡ್ತಾ ಬಾಗಿಲಲ್ಲಿ ನಿಂತಿದಾಳೆ. ಸುಧಾಮಣಿ. ಆ ಮಿಲಿಟರಿಯವನ ಹೆಂಡ್ತಿ, ಕೊಟ್ಟೂರು ಕಡೆಯವಳು. ಕೈಯೆಲ್ಲ ಗೋಂದು.

"ಅಜ್ಜೀ, ಏನಾತ್ರೀ? ಬಿದ್ರೇನು?"

"ಬಿದ್ದಿಲ್ಲ. ಅದೇನು ಕುಟ್ತಿದೀಯ? ಮನೆ ಒಡೀತಿದೀಯಾ?"

ಮಾತು ಬಾಯಿಂದ ಬಂದಮೇಲೆ ನನಗೇ ಒಂಥರಾ ಆಯ್ತು. ಅವಳಿಗೇನು ಗೊತ್ತು.

ಕಾಗದದಲ್ಲಿ ಹೂವಿನ ಆಕಾರ ಒತ್ತೋ ಯಂತ್ರವಂತೆ. ಬಾರ್ಡರಲ್ಲಿರೋ ಸೈನಿಕರಿಗೆ ಕೈಯಲ್ಲೇ ದೀಪಾವಳಿ ಕಾರ್ಡು ಮಾಡಿ ಕಳಿಸ್ತಾರಂತೆ. ಜೆ.ಪಿ. ನಗರದ ಅಪಾರ್ಟ್‌ಮೆಂಟಿನ ಸಮನ್ವಿತಾ ಅನ್ನೋ ಮೇಡಂ ಒಬ್ಬರು ಎಲ್ಲರ ಹತ್ತಿರ ಮಾಡಿಸಿ, ಒಟ್ಟು ಮಾಡಿ ಕಳಿಸೋದು.

"ಯಾರಿಗೆ ಅಂತ ಕಳಿಸ್ತೀರ? ಹೆಸರು?"

"ಹೆಸರಿಲ್ರಿ. ಯಾರಿಗ್ ಸಿಗತೈತೋ ಅವರಿಗೆ."

ಹೆಸರಿಲ್ಲದವನಿಗೆ ಕಾಗದ ಬರೆಯೋ ಕೆಲಸ ನಾನು ಇವತ್ತೇ ಕೇಳಿದ್ದು. ಬೇರೆ ಕೆಲಸ ಇಲ್ಲವಾ ಅಂದೆ. "ನಿಮಗೂ ಇಲ್ಲಲ್ರೀ" ಅಂದಳು. ಎಷ್ಟು ಧೈರ್ಯ ನೋಡು.

ಸೆಪ್ಟೆಂಬರ್ 15, ಸೋಮವಾರ

ಫಿಸಿಯೋ ಹುಡುಗ ಶರಣ್ ಬಂದಿದ್ದ. ಕಾಲು ಎತ್ತಿ ಇಳಿಸಿ ಪ್ರಾಣ ತಿಂದ. ಮೆಟ್ಟಿಲು ಕಲೀರಿ ಅಜ್ಜಿ ಅಂತಾನೆ. ಇಳಿಯುವಾಗ ಕೆಟ್ಟ ಕಾಲು ಮೊದಲು, ಹತ್ತುವಾಗ ಒಳ್ಳೆ ಕಾಲು ಮೊದಲು. ಎಷ್ಟು ಸಲ ಹೇಳ್ತಾನೋ. ಲಿಫ್ಟ್ ಬರ್ತಿದೆ, ಮೆಟ್ಟಿಲು ನೀನೇ ಇಟ್ಕೋ ಅಂದೆ.

ಸುಧಾಮಣಿ ರಟ್ಟು, ಕತ್ತರಿ ತಂದು ನನ್ನ ಮಂಚದ ಮೇಲೆ ಸುರಿದು ಮಡಚೋಕೆ ಹಚ್ಚಿದಾಳೆ. ಕೆಳಗೆ ಬೆಳಕು ಸಾಲದು ಅನ್ನೋದು ಅವಳ ನೆಪ. ನನ್ನ ಮಡಿಕೆ ನೋಡಿ "ಇಸ್ತ್ರಿ ಮಾಡಿದಂಗ ಐತ್ರೀ" ಅಂದಳು. ಸೀರೆ ಮಡಚಿದ ಕೈ ಇದು, ಕಾಗದ ಯಾವ ಲೆಕ್ಕ.

ಸಮನ್ವಿತಾ ಮೇಡಂ ಫೋನಿನಲ್ಲಿ ಮುಖ ತೋರಿಸಿ ನನಗೂ ನಮಸ್ಕಾರ ಹೇಳಿದರು. ಕಾರ್ಡಿನ ಒಳಗೆ ತಿಂಡಿ ಇಡಬಾರದಂತೆ, ಮಿಣಮಿಣ ಹೊಳೆಯೋ ಪುಡಿ ಅಂಟಿಸಬಾರದಂತೆ, ಮನೆ ನಂಬರು ಬರೆಯಬಾರದಂತೆ. ಏನು ಬರೆಯಬೇಕು ಅಂತ ಅವರೇ ಕಳಿಸ್ತಾರೆ. "ವೀರಯೋಧರೇ ನಿಮಗೆ ಸಲಾಂ."

"ಎಲ್ಲದರಲ್ಲೂ ಇದೇನಾ ಮೇಡಂ?"

"ಹೌದು ಆಂಟಿ. ಸೇಫ್ ಆಗಿರುತ್ತೆ."

"ಮದುವೆ ಮನೇಲಿ ಮೈಕಲ್ಲಿ ಕೂಗಿದ ಹಾಗಿದೆ. ಓದಿ ಪಕ್ಕಕ್ಕಿಡ್ತಾನೆ."

ಸುಧಾಮಣಿ ಫೋನನ್ನ ಆ ಕಡೆ ತಿರುಗಿಸಿಬಿಟ್ಟಳು.

ಸೆಪ್ಟೆಂಬರ್ 19, ಶುಕ್ರವಾರ

ನಿನ್ನ ಗಂಡನಿಗೆ ನೀನು ಬರೆಯೋದು ಬಿಟ್ಟು ಯಾರ ಯಾರಿಗೋ ಯಾಕೆ ಬರೀತೀಯ ಅಂತ ಕೇಳಿಯೇಬಿಟ್ಟೆ. ಅವಳ ಗಂಡನ ಹೆಸರು ಕೊಟ್ರಪ್ಪ. ಹಿಮದ ಗುಡ್ಡದ ಮೇಲೆ ಯಾವುದೋ ಪೋಸ್ಟು. ಮೇಲೆ ಹೋದರೆ ಫೋನು ಅಪರೂಪ. ಕಾಗದ ಹೋಗುತ್ತೆ, ನಿಧಾನವಾಗಿ.

"ಅವರಿಗೆ ನಾ ವಾರಾ ವಾರಾ ಬರೀತೀನ್ರಿ. ಆದರ ಅಲ್ಲಿ ಕೆಲವರಿಗೆ ಯಾರೂ ಬರಿಯಂಗಿಲ್ಲಂತ. ಟಪಾಲು ಬಂದ್ ಕೂಡ್ಲೆ ಅವರು ಏನೋ ಕೆಲಸ ಐತಿ ಅಂತ ಎದ್ದು ಹೊರಗ ಹೋಗ್ತಾರಂತ್ರಿ. ಆ ಛಳ್ಯಾಗ."

ಹೊರಗೆ ಹೋಗೋಕಾದರೂ ಜಾಗ ಇದೆಯಲ್ಲ ಅವರಿಗೆ. ಕಾಲಿಂಗ್ ಬೆಲ್ ಆದಾಗ ನಾನು ಮಲಗಿದ ಹಾಗೆ ಕಣ್ಣು ಮುಚ್ಕೊಳ್ತೀನಿ. ಬಂದವರು ನನ್ನ ನೋಡೋಕೆ ಬಂದವರಲ್ಲ ಅಂತ ಗೊತ್ತಾಗೋದು ಬೇಡ ಅಂತ.

ಇನ್ನೊಂದು ಹೇಳಿದಳು. ಅವನು ಬರೋವರೆಗೆ ಮನೆ ಬದಲಾಯಿಸಬೇಡ ಅಂದಿದಾನಂತೆ. ಅಲ್ಲಿ ಕೂತು ಈ ರೂಮನ್ನ ಕಣ್ಣ ಮುಂದೆ ತಂದ್ಕೊಳ್ತಾನಂತೆ. ಕಿಟಕಿ ಎಲ್ಲಿ, ಸ್ಟೌವ್ ಎಲ್ಲಿ, ತಾನು ಗೋಡೆಗೆ ಹೊಡೆದ ಮೊಳೆ ಎಲ್ಲಿ. "ಮನಿ ಬದಲಾದರ ನಾ ಕಣ್ಣು ಮುಚ್ಚಿ ಎಲ್ಲಿಗ್ ಬರ್ಲಿ ಅಂತಾರ್ರಿ" ಅಂತ ನಕ್ಕಳು.

ಗಂಡಸರಿಗೆ ಇಂಥ ಹುಚ್ಚು ಇರುತ್ತೆ. ನಾನ್ಯಾಕೆ ಹೇಳಲಿ, ಮನೋಜ ಹೇಳ್ತಾನೆ. ಬಾಡಿಗೆ ವಿಷಯ ಅವನದ್ದು.

ಸೆಪ್ಟೆಂಬರ್ 20, ಶನಿವಾರ

ಲಿಫ್ಟಿನವನು ಹಬ್ಬದ ಮುಂಚೆ ಬಂದು ಅಳತೆ ತಗೊಳ್ತಾನಂತೆ. ಒಳ್ಳೇದಾಯ್ತು.

ಊಟ ಸೇರಲಿಲ್ಲ. ಚೈತ್ರ ಸಾರಿಗೆ ಹುಣಸೆಹಣ್ಣು ಜಾಸ್ತಿ ಹಾಕಿದಾಳೆ.

ಸೆಪ್ಟೆಂಬರ್ 24, ಬುಧವಾರ

ಸಲಾಂ ಬರೆದು ಬರೆದು ಕೈ ಸೋತು, ಇವತ್ತು ಒಂದು ಕಾರ್ಡಿನಲ್ಲಿ ನನಗೆ ತೋಚಿದ್ದು ಬರೆದೆ. ಇಲ್ಲೂ ಬರೆದಿಟ್ಟಿರ್ತೀನಿ:

"ಮಗಾ, ನೀನು ಯಾರೋ ಗೊತ್ತಿಲ್ಲ. ನಾನೂ ಮೇಲೇ ಇದೀನಿ, ಇಳಿಯೋಕೆ ಆಗಲ್ಲ. ಅದಕ್ಕೆ ದಿನಾ ಕಣ್ಣು ಮುಚ್ಚಿ ಒಂದು ಸುತ್ತು ಹೋಗಿ ಬರ್ತೀನಿ. ಇವತ್ತು ನೀನೂ ಬಾ. ಗೇಟು ದಾಟಿದರೆ ಎಡಕ್ಕೆ ಇಸ್ತ್ರಿ ಗಾಡಿ. ಬಿಸಿ ಇರುತ್ತೆ, ಕೈ ಕಾಯಿಸ್ಕೋ. ಮುಂದೆ ಬೇಕರಿ. ಆಲೂ ಬನ್ನು ತಗೋ. ದಿಲ್‌ಪಸಂದ್ ಒಣಗಿರುತ್ತೆ, ಬೇಡ. ಕಂದು ನಾಯಿ ದಾರಿಗಡ್ಡ ಮಲಗಿರುತ್ತೆ, ದಾಟ್ಕೊಂಡು ಹೋಗು, ಏಳಲ್ಲ. ಮಾರಮ್ಮನ ಗುಡಿ ಮುಂದೆ ಅರಳಿಕಟ್ಟೆ ಇದೆ. ಅಲ್ಲಿ ಕೂತ್ಕೋ. ಕನಕಪುರ ರೋಡಿನ ಬಸ್ಸು, ಮೇಲೆ ಮೆಟ್ರೋ, ಎಲ್ಲ ಕಾಣುತ್ತೆ. ಎಷ್ಟು ಹೊತ್ತಾದರೂ ಕೂತಿರು. ಯಾರೂ ಏಳು ಅನ್ನಲ್ಲ."

ಸುಧಾಮಣಿ ಓದಿದಳು. ಮತ್ತೆ ಓದಿದಳು. "ಎಲ್ಲದರಾಗೂ ಇದನ್ನ ಬರೀರಿ ಅಜ್ಜಿ" ಅಂತ ರಟ್ಟುಗಳನ್ನ ನನ್ನ ಕಡೆ ತಳ್ಳಿದಳು. ಒಂದೇ ದಾರೀಲಿ ಎಲ್ಲರನ್ನೂ ಕಳಿಸಿದರೆ ಕಟ್ಟೆ ಮೇಲೆ ಜಾಗ ಸಾಲಲ್ಲ. ಒಬ್ಬನನ್ನ ಕೆರೆ ಕಡೆ ಕಳಿಸಿದೆ, ಒಬ್ಬನನ್ನ ಸಾರಕ್ಕಿ ಸಂತೆಗೆ. ಇನ್ನೊಬ್ಬನನ್ನ ರಾಗಿ ಹೊಲಕ್ಕೇ ಕಳಿಸಿದೆ. ಹೊಲ ಈಗ ಇಲ್ಲ, ಆದರೆ ಅವನಿಗೇನು ಗೊತ್ತಾಗುತ್ತೆ.

ಸಮನ್ವಿತಾ ಮೇಡಂ ಫೋನ್ ಮಾಡಿ, "ಆಂಟಿ, ಅಲ್ಲಿ ಎಲ್ಲರಿಗೂ ಕನ್ನಡ ಬರಲ್ಲ" ಅಂದರು.

"ಬರದೇ ಇದ್ದರೆ ಪಕ್ಕದವನ ಹತ್ತಿರ ಓದಿಸ್ಕೊಳ್ಳಲಿ. ಇಬ್ಬರು ಮಾತಾಡಿದ ಹಾಗಾಗುತ್ತೆ."

ಮೇಡಂ ನಕ್ಕರು. ಆಮೇಲೆ, "ಸರಿ, ಬರೀರಿ" ಅಂದರು.

ಸೆಪ್ಟೆಂಬರ್ 28, ಭಾನುವಾರ

ಎಲ್ಲರ ಕಾರ್ಡೂ ನನ್ನ ಕೋಣೆಗೆ ಬಂದು ಬಿದ್ದಿವೆ. ಅಪಾರ್ಟ್‌ಮೆಂಟಿನವರದ್ದೂ. ಕಟ್ಟು ಕಟ್ಟೋಕೆ ಇಲ್ಲೇ ಜಾಗ ಅಂತೆ. ಸಾಯಂಕಾಲ ಡ್ರೈವರ್ ಬಂದು ತಗೊಂಡು ಹೋಗ್ತಾನೆ.

ಎಲ್ಲರೂ ಓದಿದವರು, ಒಬ್ಬರಿಗಾದರೂ ಜ್ಞಾನ ಇದೆಯಾ? ಒಂದು ಕಾರ್ಡಿಗೂ ಮೂಲೆಗೆ ಅರಿಶಿನ ಕುಂಕುಮ ಇಲ್ಲ. ಲಗ್ನಪತ್ರಿಕೆ ಕೊಡುವಾಗ ಮೂಲೆ ಬೋಳಾಗಿದ್ದರೆ ಎದೆ ಝಲ್ ಅನ್ನುತ್ತೆ. ತಿಥಿ ಕಾಗದ ಮಾತ್ರ ಬೋಳು ಮೂಲೆಯಲ್ಲಿ ಬರೋದು. ಗುಂಡಿನ ಮುಂದೆ ನಿಂತಿರೋ ಹುಡುಗನ ಕೈಗೆ ಬೋಳು ಕಾಗದ ಕೊಡ್ತಾರಾ? ಸುಧಾಮಣಿ ಸ್ನಾನಕ್ಕೆ ಹೋಗಿದ್ದಳು. ಚೈತ್ರನ ಕೈಲಿ ಬಟ್ಟಲು ತರಿಸಿ, ಒಂದೊಂದಕ್ಕೂ ನಾಲ್ಕೂ ಮೂಲೆಗೆ ಹಚ್ಚಿದೆ. ಸೊಂಟ ಬಿದ್ದುಹೋಯ್ತು. ಉಳಿದ ಅರಿಶಿನವನ್ನ ಕಾರ್ಡು ತುಂಬೋ ಡಬ್ಬದೊಳಗೆ ಒಂದು ಹಿಡಿ ಹಾಕಿದೆ, ದಾರಿ ಒಳ್ಳೇದಾಗಲಿ ಅಂತ.

ಬಹಳ ದಿನದ ಮೇಲೆ ನಿದ್ದೆ ಬರೋ ಹಾಗಿದೆ.

ಅಕ್ಟೋಬರ್ 6, ಸೋಮವಾರ

ವಾಪಸ್ ಬಂದಿವೆ. ಎಲ್ಲವೂ.

ಸಮನ್ವಿತಾ ಮೇಡಂ ತಾವೇ ಡಬ್ಬ ಹೊರಿಸ್ಕೊಂಡು ಮೂರು ಮಹಡಿ ಹತ್ತಿ ಬಂದರು. ಉಸಿರು ಸಿಗದೆ ಗೋಡೆ ಹಿಡಿದು ನಿಂತರು. "ಆಂಟಿ… ಪೌಡರ್… ಒಳಗೆಲ್ಲ ಪೌಡರ್."

"ಪೌಡರ್ ಅಲ್ಲ, ಅರಿಶಿನ."

"ಚೆಕ್ ಮಾಡೋರಿಗೆ ಗೊತ್ತಾಗಬೇಕಲ್ಲ! ಡಬ್ಬ ತೆಗೆದ ತಕ್ಷಣ ಹಳದಿ ಪುಡಿ ಹಾರಿದೆ, ಕೆಂಪು ಪುಡಿ ಬಿದ್ದಿದೆ. ಎಲ್ಲರೂ ದೂರ ಓಡಿದಾರೆ. ಎರಡು ದಿನ ಯಾರೂ ಮುಟ್ಟಿಲ್ಲ. ಪುಡಿ ಬೇಡ ಅಂತ ನಾನು ಮೊದಲೇ ಹೇಳಿದ್ದೆ ಅಲ್ವಾ?"

"ಹೊಳೆಯೋ ಪುಡಿ ಅಂದ್ರಿ. ಅರಿಶಿನ ಹೊಳೆಯುತ್ತಾ?"

ಸುಧಾಮಣಿ ಸೆರಗು ಬಾಯಿಗೆ ಇಟ್ಕೊಂಡು ಆ ಕಡೆ ತಿರುಗಿ ನಿಂತಿದ್ದಳು. ಅಳ್ತಿದಾಳೆ ಅಂದ್ಕೊಂಡೆ. ಭುಜ ಕುಣಿಯೋದು ನೋಡಿದರೆ ನಗ್ತಿದಾಳೆ. ಮೇಡಂಗೂ ನಗು ಹತ್ತಿಕೊಂಡಿತು. ನನಗೆ ಮಾತ್ರ ಮೈ ಉರಿದುಹೋಯ್ತು. ಮೂಲೆ ಕಲೆಯಾಗಿ ಒಂದೂ ಕಳಿಸೋ ಹಾಗಿಲ್ಲ. ಹಿಮ ಬಿದ್ದು ರಸ್ತೆ ಮುಚ್ಚೋಕೆ ಮುಂಚೆ ಕೊನೆಯ ಗಾಡಿ ಒಂದಿದೆಯಂತೆ, ಹನ್ನೆರಡನೇ ತಾರೀಖಿಗೆ ಕೊಟ್ಟರೆ ಹಬ್ಬಕ್ಕಲ್ಲದಿದ್ದರೂ ಹೋಗುತ್ತಂತೆ. ಎಲ್ಲ ಹೊಸದಾಗಿ ಮಾಡಬೇಕು.

ಹೊರಡುವಾಗ ಮೇಡಂ ಅಂದರು: "ಇಷ್ಟು ದೊಡ್ಡ ಬಿಲ್ಡಿಂಗ್, ಲಿಫ್ಟ್ ಇಲ್ವಾ ಆಂಟಿ?"

ಸಿಟ್ಟಲ್ಲಿದ್ದೆ. "ಹಾಕಿಸ್ತಾ ಇದೀವಿ" ಅಂದುಬಿಟ್ಟೆ.

ಸುಧಾಮಣಿ ಮುಖ ಅರಳಿತು. "ಹೌದೇನ್ರಿ ಅಜ್ಜಿ? ಚಲೋ ಆತ್ ಬಿಡ್ರಿ! ನೀವ್ ಕೆಳಗ ಇಳೀಬಹುದು. ಅರಳಿಕಟ್ಟಿಗೆ ನಾನೇ ಕರಕೊಂಡ್ ಹೋಗ್ತೀನಿ. ಎಲ್ಲಿ ಹಾಕ್ತಾರ್ರಿ?"

"ಗೋಂದು ಎಲ್ಲಿಟ್ಟೆ? ಒಣಗಿ ಹೋಗುತ್ತೆ, ಮುಚ್ಚಳ ಹಾಕು" ಅಂದೆ.

ಅಕ್ಟೋಬರ್ 10, ಶುಕ್ರವಾರ

ಕಾರ್ಡು. ಕಾರ್ಡು. ಕಾರ್ಡು. ಬೆಳಗ್ಗೆ ಕಾಫಿ ಕುಡಿದು ಕೂತರೆ ದೀಪ ಹಚ್ಚೋ ಹೊತ್ತು. ಬೋಳು ಮೂಲೆ. ನೋಡಿದಾಗೆಲ್ಲ ಕೈ ಬಟ್ಟಲಿನ ಕಡೆ ಹೋಗುತ್ತೆ. ಕೊನೆಗೆ ಸುಧಾಮಣಿ ಒಂದು ಉಪಾಯ ಮಾಡಿದಳು. ಹಳದಿ, ಕೆಂಪು ಕಾಗದದಲ್ಲಿ ಚಿಕ್ಕ ಚಿಕ್ಕ ಬೊಟ್ಟು ಕತ್ತರಿಸಿ ಮೂಲೆಗೆ ಅಂಟಿಸಿದಳು. "ಈಗ ಬೋಳಿಲ್ರಿ." ಒಪ್ಪಿದೆ.

ಕೆಲಸದ ಮಧ್ಯ ಅವಳ ಮುಖ ನೋಡೋದು ಕಡಿಮೆ ಮಾಡಿದೀನಿ. ಕಣ್ಣಿಗೆ ಆಯಾಸ ಆಗುತ್ತೆ.

ಮನೋಜನಿಗೆ, ಆ ಹುಡುಗಿಗೆ ಎಲ್ಲಿ ರೂಮ್ ನೋಡ್ತೀಯ ಅಂತ ಕೇಳಿದೆ. ಹುಳಿಮಾವು ಕಡೆ ಸಿಗುತ್ತೆ ಬಿಡವ್ವ ಅಂದ. ಅಲ್ಲಿ ಸೊಳ್ಳೆ ಅಂದೆ. "ನಿನಗ್ಯಾಕೆ ಸೊಳ್ಳೆ ಚಿಂತೆ?" ಅಂದ. ನನಗ್ಯಾಕೆ. ಅಲ್ಲವಾ.

ಅಕ್ಟೋಬರ್ 13, ಸೋಮವಾರ

ಕಾರ್ಡುಗಳು ನಿನ್ನೆ ಹೋದವು. ಇವತ್ತು ಲಿಫ್ಟಿನವನು ಬಂದ. ಬಸವಂತ ಅಂತ. ನನ್ನ ಕೋಣೆ ಅಳೆದ, ಟೇಪು ಸುತ್ಕೊಂಡು ಕೆಳಗಿಳಿದ. ಮನೋಜ ಆಫೀಸಲ್ಲಿ. ಚೈತ್ರ ಬಚ್ಚಲಲ್ಲಿ. ತಡೀ ಅಂತ ಕೂಗಿದೆ. ಅವನಿಗೆ ಕೇಳಿಸಲಿಲ್ಲ.

ಕೆಳಗೆ ಬಾಗಿಲು ತಟ್ಟಿದ್ದು ಕೇಳಿಸಿತು. ನನ್ನ ಕಾಲ ಕೆಳಗೇ ಅವನ ದೊಡ್ಡ ಗಂಟಲು: "ಅಕ್ಕ, ಸ್ವಲ್ಪ ಜರುಗಿ, ಈ ಗೋಡೆಗಳೆಲ್ಲ ಹೋಗುತ್ತೆ, ಅಳತೆ ಬೇಕು. ಹಬ್ಬ ಆದ್ಮೇಲೆ ಕೆಲಸ ಶುರು. ಯಾಕಕ್ಕ, ಓನರ್ ಹೇಳಿಲ್ವಾ?"

ಅವಳೇನಂದಳೋ ಕೇಳಿಸಲಿಲ್ಲ.

ಅಕ್ಟೋಬರ್ 14, ಮಂಗಳವಾರ

ಮಧ್ಯಾಹ್ನ ಕೋಲಿಂದ ಮೂರು ಸಲ ಕುಟ್ಟಿದೆ. ಬರಲಿಲ್ಲ. ಮನೆಯಲ್ಲಿದ್ದಳು, ಪಾತ್ರೆ ಸದ್ದು ಕೇಳ್ತಿತ್ತು. ನಾನು ಕುಟ್ಟಿದ ಕೂಡಲೆ ಅದೂ ನಿಂತಿತು.

ಅಕ್ಟೋಬರ್ 16, ಗುರುವಾರ

ಬರಲಿಲ್ಲ.

ಶರಣ್ ಬಂದಿದ್ದ. ಮೆಟ್ಟಿಲ ಹತ್ತಿರ ಕರ್ಕೊಂಡು ಹೋಗು ಅಂದೆ. ಅವನು ಬಾಯಿ ಬಿಟ್ಕೊಂಡು ನಿಂತ. ನೋಡ್ತೀಯೇನೋ, ಕೈ ಹಿಡ್ಕೋ ಅಂದೆ. ಎರಡು ಮೆಟ್ಟಿಲು ಇಳಿಸಿ ಹತ್ತಿಸಿದ. ಬೆವರು ಕಿತ್ಕೊಂಡು ಬಂತು. ಸುಮ್ಮನೆ ಅಭ್ಯಾಸಕ್ಕೆ. ಲಿಫ್ಟಲ್ಲಿ ಕರೆಂಟು ಹೋದರೆ ಬೇಕಾಗುತ್ತೆ.

ಅಕ್ಟೋಬರ್ 17, ಶುಕ್ರವಾರ

ಡೈರಿ ಮೇಲಿದೆ. ಇದು ಕಾರ್ಡಿನ ರಟ್ಟು. ಆಮೇಲೆ ಅಂಟಿಸ್ತೀನಿ.

ಚೈತ್ರ ತರಕಾರಿಗೆ ಹೋಗಿದ್ದಳು. ಒಂದು ಕೈಲಿ ಕಂಬಿ, ಒಂದು ಕೈಲಿ ಕೋಲು. ಕೆಟ್ಟ ಕಾಲು ಮೊದಲು. ಪ್ರತಿ ಮೆಟ್ಟಿಲಿಗೂ ಒಂದೊಂದು ಬೈಗುಳ, ಶರಣ್‌ಗೆ, ಇಂಜಿನಿಯರಿಗೆ, ಬಸವಂತನಿಗೆ. ತಿರುವಿನಲ್ಲಿ ಕೂತುಬಿಟ್ಟೆ. ಅಲ್ಲಿಂದ ಮೇಲೆ ಹೋಗೋದೂ ಅಷ್ಟೇ ದೂರ, ಕೆಳಗೆ ಹೋಗೋದೂ ಅಷ್ಟೇ ದೂರ. ಎದ್ದು ಕೆಳಕ್ಕೇ ಬಂದೆ.

ಕೋಲಿಂದ ಬಾಗಿಲು ಕುಟ್ಟಿದೆ. ತೆಗೆದಳು. ಕಣ್ಣು ಊದಿದ್ದವು. ಹಿಂದೆ ರಟ್ಟಿನ ಡಬ್ಬಗಳು, ಅರ್ಧ ತುಂಬಿದ್ದು.

"ಅಜ್ಜೀ! ಹೆಂಗ್ ಇಳದ್ರಿ?"

"ಕಾಲಲ್ಲಿ. ಜರುಗು, ಕೂರಬೇಕು."

ಕೂರಿಸಿದಳು. ನೀರು ಕೊಟ್ಟಳು. ಈ ರೂಮಿಗೆ ಗೋಡೆ ಹಾಕಿಸಿದ ಮೇಲೆ ನಾನು ಒಳಗೆ ಬಂದಿದ್ದು ಇವತ್ತೇ. ಮೂಲೆಯಲ್ಲಿ ಸ್ಟೌವ್. ಕಿಟಕಿಗೆ ಹಸಿರು ಪರದೆ. ಗೋಡೆಗೆ ಮೊಳೆಗಳು, ಸಾಲಾಗಿ, ಒಂದು ಮಾತ್ರ ಸೊಟ್ಟ. ಸೊಟ್ಟ ಮೊಳೆಗೆ ಅವನ ಹಳೇ ಟೋಪಿ.

"ಮೊದಲೇ ಹೇಳಬಹುದಿತ್ತಲ್ರೀ" ಅಂದಳು. "ನಿಮ್ಮ ಮಂಚದ ಮ್ಯಾಲ ದಿನಾ ಕುಂತಿದ್ದೆ."

"ಹೇಳಬಹುದಿತ್ತು."

"ನಿಮಗ ಲಿಫ್ಟ್ ಬೇಕ್ರಿ, ನಂಗೂ ತಿಳೀತೈತಿ. ಅವರಿಗೆ ಏನ್ ಬರೀಲಿ ಅದೊಂದು ತಿಳೀವಲ್ದು."

ಅವಳ ಫೋನ್ ತಗೊಂಡು ಮನೋಜನಿಗೆ ಹಚ್ಚಿಸಿದೆ. ಲಿಫ್ಟು ಬೇಡ ಅಂದೆ.

"ನೀನೇ ತಾನೆ ಅವ್ವ ಕೇಳಿದ್ದು? ಮೂರು ತಿಂಗಳಿಂದ ತಲೆ ತಿಂದೆ!"

"ಕೇಳಿದೆ. ಈಗ ಬೇಡ ಅಂತಿದೀನಿ. ಆ ಬಸವಂತನ ಗಂಟಲು ನನಗೆ ಹಿಡಿಸಲಿಲ್ಲ."

"ಮತ್ತೆ ನೀನು ಕೆಳಗೆ ಬರೋದು ಹೆಂಗೆ?"

"ಬಂದಿದೀನಿ. ಸೆಕೆಂಡ್ ಫ್ಲೋರಲ್ಲಿದೀನಿ."

ಅವನು ಏನೋ ಕಿರುಚಿದ. ಫೋನು ಕೊಟ್ಟುಬಿಟ್ಟೆ.

ಸುಧಾಮಣಿ ಡಬ್ಬದಿಂದ ಬೋಗುಣಿ ತೆಗೆದು ಸ್ಟೌವ್ ಮೇಲಿಟ್ಟಳು. ಟೀ ಮಾಡ್ತಿದಾಳೆ. ಅವಳು ಆ ಕಡೆ ತಿರುಗಿರುವಾಗ ನಾನು ಇದನ್ನ ಬರೀತಿದೀನಿ. ಅಷ್ಟರಲ್ಲಿ ಮೇಲೆ ಧಡ್ ಧಡ್ ಧಡ್. ಚೈತ್ರ ವಾಪಸ್ ಬಂದಳು, ನನ್ನ ಕಾಣದೆ ಓಡಾಡ್ತಿದಾಳೆ. ಇಲ್ಲಿಗೆ ಎಷ್ಟು ಚೆನ್ನಾಗಿ ಕೇಳುತ್ತೆ! ನನ್ನ ವಾಕರು, ಕೋಲು, ಬೈಗುಳ, ಎಲ್ಲ ಹೀಗೇ ಕೇಳಿರಬೇಕಲ್ಲ ಅಂದೆ.

"ಕೇಳತೈತ್ರಿ. ಮುಂಜಾನೆ ನಿಮ್ಮ ವಾಕರ್ ಸಪ್ಪಳ ಕೇಳಿದ ಮ್ಯಾಲೇ ನಾ ಏಳೋದು. ಅವರಿಗೂ ಬರದೀನಿ, ಮ್ಯಾಲ ಟಕ್ ಟಕ್ ಅಂತ ಅಜ್ಜಿ ಅಡ್ಡಾಡ್ತಾರ ಅಂತ. ಅವರೂ ಕಣ್ಣು ಮುಚ್ಚಿದಾಗ ಕಿಟಕಿ, ಸ್ಟೌವ್, ಆಮ್ಯಾಲೆ ಮ್ಯಾಲ ಟಕ್ ಟಕ್ ಅಂತ್ರಿ."

ಟೀ ಬಿಸಿಯಿತ್ತು, ಕಣ್ಣಲ್ಲಿ ನೀರು ಬಂತು.

ಚೈತ್ರನ ಹೆಜ್ಜೆ ಧಡ್ ಧಡ್ ಅನ್ನುತ್ತೆ, ಅದು ಸರಿಯಿಲ್ಲ. ಆ ಹುಡುಗನಿಗೆ ಗುರುತು ಸಿಗಲ್ಲ. ಟೀ ಮುಗಿಸಿ ನಾನೇ ಮೇಲೆ ಹೋಗಬೇಕು. ಹತ್ತುವಾಗ ಒಳ್ಳೆ ಕಾಲು ಮೊದಲು.